ಸೋತ ಕೈಗೆ ಮೊದಲು ಅಂಗಿ

ಲಕ್ವ ಹೊಡೆದಿದ್ದ ಅಪ್ಪನನ್ನು ಆಸ್ಪತ್ರೆಯಿಂದ ಹಾಸನದ ಮನೆಗೆ ಕರೆತಂದಾಗ, ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಎಡಗಡೆ ಸ್ವಾಧೀನವಿಲ್ಲದ, ಎಂಬತ್ತು ಕೆಜಿ ಹತ್ತಿರದ ಆಳನ್ನು ಮಗ್ಗುಲು ತಿರುಗಿಸುವುದು ಹೇಗೆ ಅಂತ ಮಾತ್ರ ಯಾರೂ ಬರೆದಿರಲಿಲ್ಲ. ಅದನ್ನೆಲ್ಲ ಕಲಿಸಿದ್ದು ಮರುದಿನ ಬೆಳಿಗ್ಗೆ ಮನೆಗೆ ಬಂದ ಫಿಸಿಯೋಥೆರಪಿ ಹುಡುಗಿ.

ವ್ಯಾಯಾಮಕ್ಕಿಂತ ಮೊದಲು ಅವಳು ಅಂಗಿ ಕೇಳಿದಳು. "ತೊಡಿಸೋವಾಗ ಸೋತ ಕೈ ಮೊದಲು, ಬಿಚ್ಚೋವಾಗ ಅದೇ ಕೊನೆಗೆ." ಅಂಗಿಯ ತೋಳಿನೊಳಗೆ ತನ್ನ ಕೈ ತೂರಿಸಿ, ಅಪ್ಪನ ಎಡಗೈ ಬೆರಳು ಹಿಡಿದುಕೊಂಡು, ತೋಳನ್ನು ಮೊಣಕೈ ದಾಟಿಸಿ ಭುಜದವರೆಗೆ ಏರಿಸಿದಳು. ಆಮೇಲೆ ಬೆನ್ನ ಹಿಂದಿನಿಂದ ಅಂಗಿ ಸುತ್ತಿ ತಂದು ಬಲಗಡೆ ಹಿಡಿದಳಷ್ಟೇ, ಬಲಗೈಯನ್ನು ಅಪ್ಪ ತಾವೇ ತೂರಿಸಿದರು. ಗುಂಡಿಯನ್ನೂ ಅವರಿಗೇ ಬಿಟ್ಟಳು. ಎರಡು ಗುಂಡಿ ಹಾಕುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಆದರೆ ಅಷ್ಟು ದಿನ ಯಾರಾದರೂ ಎತ್ತಿದರೆ ಎತ್ತಿಸಿಕೊಂಡು, ಮಲಗಿಸಿದರೆ ಮಲಗಿಕೊಂಡಿದ್ದ ಅಪ್ಪ ಅವತ್ತು ಮೂರನೇ ಗುಂಡಿಗೆ ಬೈಯುತ್ತಿದ್ದರು!

"ಅಕ್ಕ, ಎಡಗೈ ಹಿಡಿದು ಎಳೆದು ಎಬ್ಬಿಸಬೇಡಿ. ಕಂಕುಳಿಗೆ ಕೈ ಕೊಟ್ಟೂ ಎತ್ತಬೇಡಿ" ಅಂದಳು. ಭುಜದ ಕೀಲನ್ನು ಹಿಡಿದಿಡುವುದು ಸ್ನಾಯುಗಳು. ಅವು ಸಡಿಲಾಗಿರುವಾಗ ಎಳೆದರೆ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕುರ್ಚಿಗೆ ಕೂರಿಸಬೇಕಾದರೆ ಕುರ್ಚಿ ಬಲಗಡೆಗೇ ಇರಬೇಕು. ಸೊಂಟಕ್ಕೆ ಅಗಲದ ಬೆಲ್ಟ್ ಬಿಗಿದು ಅದನ್ನು ಹಿಡಿದುಕೊಳ್ಳಬೇಕು, ಎಡ ಮಂಡಿ ಕುಸಿಯದಂತೆ ನಮ್ಮ ಮಂಡಿ ಒತ್ತುಕೊಡಬೇಕು.

ಮಧ್ಯಾಹ್ನ ದೊಡ್ಡಮ್ಮ ಬಂದರು. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವವರೊಬ್ಬರ ವಿಳಾಸವೂ ಅವರ ಜೊತೆಗೇ ಬಂದಿತ್ತು. ಅದನ್ನು ಕೇಳಿಸಿಕೊಂಡು ಸುಮ್ಮನಾದೆ. ಆದರೆ ಮಲಗಿದ್ದ ಅಪ್ಪನ ಬಾಯಿಗೆ ನೀರಿನ ಲೋಟ ಹಿಡಿಯಹೋದಾಗ ಸುಮ್ಮನಿರಲಾಗಲಿಲ್ಲ. ನುಂಗುವ ಶಕ್ತಿ ಕುಂದಿದವರಿಗೆ ಅನ್ನಕ್ಕಿಂತ ಕಷ್ಟ ನೀರು. ಸರ್ರನೆ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಒಮ್ಮೊಮ್ಮೆ ಕೆಮ್ಮೂ ಬರುವುದಿಲ್ಲ, ನಾಲ್ಕು ದಿನ ಬಿಟ್ಟು ನ್ಯುಮೋನಿಯಾ ಬರಬಹುದು. ಅಪ್ಪನನ್ನು ಪರೀಕ್ಷಿಸಿದ್ದ ಸ್ಪೀಚ್ ಥೆರಪಿಸ್ಟ್ ನೀರಿಗೂ ಮಂದ ಮಾಡುವ ಪುಡಿ ಬೆರೆಸಲು ಹೇಳಿದ್ದರು. ನೆಟ್ಟಗೆ ಕೂರಿಸಿ, ಗದ್ದ ತುಸು ಎದೆಯ ಕಡೆ ಬಗ್ಗಿಸಿ, ಚಮಚದಲ್ಲಿ ಬಲಗಡೆಯ ಬಾಯಿಗೆ ಕೊಡಬೇಕು. ಎಡಗೆನ್ನೆಯಲ್ಲಿ ತುತ್ತು ಉಳಿದಿದೆಯಾ ಅಂತ ನೋಡಬೇಕು. ಉಂಡ ಮೇಲೂ ಅರ್ಧ ಗಂಟೆ ಮಲಗಿಸುವಂತಿಲ್ಲ. "ಬಾಯಾರಿದವನಿಗೆ ನೀರು ಕೊಡೋಕೂ ಕಾನೂನಾ?" ಅಂತ ದೊಡ್ಡಮ್ಮ ಮುಖ ಊದಿಸಿಕೊಂಡರು. ರಾಗಿ ಅಂಬಲಿ ಮಂದವಾಗಿ ಕಾಯಿಸಿ ಅವರ ಕೈಗೇ ಚಮಚ ಕೊಟ್ಟೆ. ಒಂದೊಂದೇ ಚಮಚ, ಅಪ್ಪ ನುಂಗಿದ್ದು ನೋಡಿಕೊಂಡು ಮುಂದಿನದು. ನನಗಿಂತ ತಾಳ್ಮೆಯಿಂದ ಕುಡಿಸಿದರು.

ಸಂಜೆ ಮೈ ಒರೆಸುವಾಗ ಟಾರ್ಚ್ ಹಿಡಿದು ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಮೊಣಕೈ ನೋಡಿದೆ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಒಂದು ಕ್ಷಣ ಬೆಳ್ಳಗಾದರೆ ಸದ್ಯಕ್ಕೆ ಪರವಾಗಿಲ್ಲ. ಕೆಂಪು ಹಾಗೇ ಉಳಿದರೆ ಅದು ಮಲಗಿ ಮಲಗಿ ಆಗುವ ಹುಣ್ಣಿನ, ಅಂದರೆ ಬೆಡ್‌ಸೋರಿನ ಶುರು, ಅಲ್ಲಿ ತಿಕ್ಕಬಾರದು, ಭಾರ ಬೀಳಿಸಬಾರದು. ಏರ್‌ಬೆಡ್ ಹಾಕಿದ ಮಾತ್ರಕ್ಕೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಎರಡು ಗಂಟೆಗೊಮ್ಮೆ, ರಾತ್ರಿಯೂ.

ಆ 'ರಾತ್ರಿಯೂ' ಅನ್ನುವುದೇ ಮನೆಯಲ್ಲಿ ನೋಡಿಕೊಳ್ಳುವವರ ಬೆನ್ನು ಮುರಿಯುವುದು. ನಿದ್ದೆಗೆಟ್ಟವಳು ಬೆಳಿಗ್ಗೆ ಇನ್ಸುಲಿನ್ ಅಳತೆ ತಪ್ಪದೆ ಹಾಕಬೇಕು. ತಮ್ಮನಿಗೆ ಫೋನ್ ಮಾಡಿದೆ. "ಎಷ್ಟು ಬೇಕೋ ಹೇಳಕ್ಕ, ಕಳಿಸ್ತೀನಿ" ಅಂದ. ದುಡ್ಡು ಬೇಕು, ಬೇಡ ಅನ್ನಲಿಲ್ಲ. ಆದರೆ ಶುಕ್ರವಾರ, ಶನಿವಾರದ ರಾತ್ರಿಗಳು ನಿನ್ನವು, ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗ್ತೀನಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಫೀಸು, ಟ್ರಾಫಿಕ್ಕು, ಮಗಳ ಪರೀಕ್ಷೆ ಎಲ್ಲ ಬಂದವು. ಬರ್ತೀನಿ ಅಂತ ಕೊನೆಗೆ ಒಪ್ಪಿದ. ಬೆಂಗಳೂರಿನಿಂದ ಹಾಸನ ನೆಪ ಹೇಳುವಷ್ಟು ದೂರವೇನಲ್ಲ.