ರೇಸ್ ಇಳಿಯದ ಆರ್‌ಎಕ್ಸ್ ಮತ್ತು ಡಿಸೆಂಬರ್ ಚಳಿ

ಟೂ ಸ್ಟ್ರೋಕ್ ಬೈಕಿನ ಕಾರ್ಬೊರೇಟರನ್ನು, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗವನ್ನು, ಒಮ್ಮೆ ಸರಿಯಾಗಿ ಸೆಟ್ ಮಾಡಿಸಿದರೆ ವರ್ಷವಿಡೀ ಚಿಂತೆಯಿಲ್ಲ ಎಂದು ನಂಬಿದವರು ಕಲಬುರಗಿಯಲ್ಲಿ ಬಹಳ ಜನ ಸಿಗುತ್ತಾರೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವ ಈ ಊರಿನಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮನುಷ್ಯ ಶಾಲು ಹೊದ್ದು ಅದನ್ನು ಸರಿದೂಗಿಸಿಕೊಳ್ಳುತ್ತಾನೆ, ಆದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್‌ಗೆ ಹೊರಗಿನ ಗಾಳಿ ಬದಲಾದದ್ದು ತಿಳಿಯುವುದಿಲ್ಲ. ಡಿಸೆಂಬರಿನ ಒಂದು ಭಾನುವಾರ ಕಮಲಾಪುರದ ಆಚೆ ನಮಗಾದ ಅನುಭವ ಇದಕ್ಕೇ ಸಂಬಂಧಿಸಿದ್ದು.

ಕಚ್ಚಾ ದಾರಿಯ ಓಟಕ್ಕೆಂದೇ ತಯಾರಾದ ಟೂ ಸ್ಟ್ರೋಕ್ ಬೈಕುಗಳು ನಮ್ಮ ಕಡೆ ಅಪರೂಪವಾದ್ದರಿಂದ ಹವ್ಯಾಸಿಗಳು ಹಳೆಯ ಬೈಕುಗಳನ್ನೇ ಅದಕ್ಕೆ ಒಗ್ಗಿಸಿಕೊಳ್ಳುತ್ತಾರೆ. ನನ್ನದು ಯಮಹಾ ಆರ್‌ಎಕ್ಸ್ 100. ಭಾರತದಲ್ಲಿ 1985ರಿಂದ 1996ರವರೆಗೆ ತಯಾರಾದ, 98 ಸಿಸಿಯ ಈ ಬೈಕಿಗೆ ಬಟನ್ ಟೈರ್ ಮತ್ತು ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸಿ, ಆಯಿಲ್ ಪಂಪ್ ತೆಗೆಸಿ, ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸುತ್ತೇನೆ. ಕಾರ್ಬೊರೇಟರ್ ಮಾತ್ರ ಅದರ ಮೂಲದ ಮಿಕುನಿಯೇ. ಬೇಸಿಗೆಯಲ್ಲಿ ಅದು ಬಹಳ ಚೆನ್ನಾಗಿ ಓಡಿತ್ತು.

ಆ ದಿನ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟಿ, ಕಾಯಿಗಟ್ಟಿದ ತೊಗರಿ ಹೊಲಗಳ ನಡುವಿನ ಬಂಡಿ ದಾರಿ ಹಿಡಿದೆವು. ಎರೆಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆ ನೆಲ ಆರಂಭವಾಗುವಲ್ಲಿ ಏರುಗಳಿವೆ. ಮೊದಲ ಇಳಿಜಾರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ರೇಸ್, ಅಂದರೆ ಇಂಜಿನ್ ತಿರುಗುವ ವೇಗ, ಕೂಡಲೇ ಇಳಿಯಲಿಲ್ಲ. ಇಂಜಿನ್ ಕೆಲಕಾಲ ಮೇಲೇ ನಿಂತು, ಆಮೇಲೆ ನಿಧಾನವಾಗಿ ಐಡ್ಲಿಂಗ್‌ಗೆ ಬಂತು. ಮುಂದಿನ ಏರಿನಲ್ಲಿ ಅರ್ಧ ಥ್ರಾಟಲ್‌ಗೆ (ಆಕ್ಸಿಲರೇಟರ್ ಅರ್ಧ ತಿರುಗಿಸಿದಾಗ) ಒಣ ಸದ್ದೊಂದು ಸೇರಿಕೊಂಡಿತು. ಗೆಳೆಯನನ್ನು ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಚೋಕನ್ನು ಸ್ವಲ್ಪ ಎತ್ತಿ ನೋಡಿದೆ. ರೇಸ್ ತಕ್ಷಣ ಇಳಿಯಿತು. ಚೋಕ್ ಎಂದರೆ ಹೆಚ್ಚುವರಿ ಪೆಟ್ರೋಲ್; ಅದು ಸಿಕ್ಕೊಡನೆ ಇಂಜಿನ್ ಹದಕ್ಕೆ ಬಂತೆಂದರೆ ಮಿಶ್ರಣ ಲೀನ್ ಆಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದೇ ಅರ್ಥ.

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ಕೆಳಗೆ ಬೇರೆಯೇ ಇರುತ್ತದೆ. ಆದರೆ ನನ್ನ ಬೈಕಿನಲ್ಲಿ ಪಿಸ್ಟನ್‌ಗೂ ಬೇರಿಂಗ್‌ಗೂ ಆಯಿಲ್ ತಲುಪುವುದು ಪೆಟ್ರೋಲ್ ಜೊತೆಗೇ, ಒಳಗಿನ ಬಿಸಿಯನ್ನು ಒಂದಿಷ್ಟು ತಗ್ಗಿಸುವುದೂ ಅದೇ ಪೆಟ್ರೋಲ್. ಲೀನ್ ಆದ ಟೂ ಸ್ಟ್ರೋಕನ್ನು ಏರಿನಲ್ಲಿ ದುಡಿಸಿದರೆ ಪಿಸ್ಟನ್ ಹಿಗ್ಗಿ ಬೋರ್‌ಗೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಓಟವನ್ನು ಅಲ್ಲಿಗೇ ಬಿಟ್ಟು, ಚೋಕ್ ಅರೆಬರೆ ಎತ್ತಿಕೊಂಡೇ ನಿಧಾನವಾಗಿ ಊರಿಗೆ ಮರಳಿದೆವು.

ಗೆಳೆಯ ದಾರಿಯುದ್ದಕ್ಕೂ ಹೆಚ್ಚು ಪೆಟ್ರೋಲ್ ಬಿಡುವ ದೊಡ್ಡ ಮೇನ್ ಜೆಟ್ ಕೊಳ್ಳುವ ಮಾತನ್ನೇ ಆಡಿದ. ರಿಂಗ್ ರೋಡಿನ ಬದಿಯಲ್ಲಿ ಗ್ಯಾರೇಜ್ ಇಟ್ಟಿರುವ ಉಸ್ತಾದ್ ಅದನ್ನು ಕೇಳಿ, "ಜೆಟ್ ಮ್ಯಾಲ ಈಗೇ ಕೈ ಹಾಕಬ್ಯಾಡ್ರಿ. ಹವಾ ಎಲ್ಲಿಂದರ ಜಗ್ತದೇನು, ಅದು ಮೊದಲ ನೋಡ್ಬೇಕು" ಎಂದರು. ಇಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರಲು, ಗಿಡಗಳಿಗೆ ಸಿಂಪಡಿಸುವ ಬಾಟಲಿಯಿಂದ ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರಿನ ಮೇಲೆ ನೀರು ಹೊಡೆದರು. ಮೇಲೆ ಹೊಡೆದಾಗ ಏನೂ ಆಗಲಿಲ್ಲ. ಕೆಳಭಾಗಕ್ಕೆ ತಾಗಿದಾಗ ರೇಸ್ ಕುಸಿಯಿತು, ನೀರು ಒಳಗೆ ಎಳೆದುಕೊಂಡೊಡನೆ ಮತ್ತೆ ಏರಿತು. ಬಿಚ್ಚಿ ಬಗ್ಗಿಸಿ ನೋಡಿದರೆ ಅಲ್ಲಿ ಕೂದಲೆಳೆಯಂಥ ಬಿರುಕು. ಬಗ್ಗಿಸದೆ ಇಟ್ಟಾಗ ಅದು ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಕಾರ್ಬೊರೇಟರ್ ಅಳೆದುಕೊಟ್ಟ ಪೆಟ್ರೋಲಿಗೆ ಈ ಬಿರುಕು ಅಳತೆಯಿಲ್ಲದ ಗಾಳಿ ಸೇರಿಸುತ್ತಿತ್ತು. ಇಂಥ ಸ್ಥಿತಿಯಲ್ಲಿ ಜೆಟ್ ದೊಡ್ಡದು ಮಾಡಿದ್ದರೆ ಒಂದು ಥ್ರಾಟಲ್‌ನಲ್ಲಿ ಸರಿಯಾಗಿ ಇನ್ನೊಂದರಲ್ಲಿ ಕೆಡುತ್ತಿತ್ತು.

ಕಾರ್ಬೊರೇಟರ್ ಕೈಗೆ ಬಂದದ್ದರಿಂದ ಅದರ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಕೂಡ ಬಿಚ್ಚಿದೆವು. ತಳದಲ್ಲಿ ಬಿಳಿಯ ಪುಡಿ ಅಂಟಿತ್ತು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿದು ಲೋಹವನ್ನು ತಿನ್ನುತ್ತದೆ. ವಾರಗಟ್ಟಲೆ ನಿಲ್ಲುವ ಬೈಕಿನಲ್ಲಿ ಬೌಲ್ ಖಾಲಿ ಮಾಡಿಡುವುದು ಈ ಕಾರಣಕ್ಕೇ ಅಗತ್ಯ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದಾಗ ರಂಧ್ರ ಗುಂಡಗೆ ಕಾಣದೆ ಒಂದು ಬದಿಗೆ ಮಂಕಾಗಿತ್ತು. ಉಸ್ತಾದ್ ಅದನ್ನು ಕ್ಲೀನರ್‌ನಲ್ಲಿ ನೆನೆಸಿ ಹವಾ ಹೊಡೆದರು; ತಂತಿ ತೂರಿಸಲು ಬಿಡಲಿಲ್ಲ. ಹಿತ್ತಾಳೆ ಮೆದು ಲೋಹ, ತಂತಿಯ ಒಂದು ಗೀರಿನಿಂದ ಜೆಟ್‌ನ ಅಳತೆಯೇ ಬದಲಾಗುತ್ತದೆ.

ಹೊಸ ರಬ್ಬರ್ ಕೂಡಿಸಿದ ಮೇಲೆ ಮರುದಿನ ಬೆಳಗಿನ ಚಳಿಯಲ್ಲಿ ಹೊರಟೆವು. ರೇಸ್ ಈಗ ಬಹುಮಟ್ಟಿಗೆ ಇಳಿಯುತ್ತಿತ್ತು, ಆದರೆ ಅರ್ಧ ಥ್ರಾಟಲ್‌ನ ಒಣ ಸದ್ದು ಪೂರ್ತಿ ಹೋಗಿರಲಿಲ್ಲ. ಉಳಿದದ್ದು ಹವಾಮಾನದ ಪಾಲು. 42 ಡಿಗ್ರಿಯ ಗಾಳಿಗಿಂತ 15 ಡಿಗ್ರಿಯ ಗಾಳಿ ಸುಮಾರು ಶೇ. 9ರಷ್ಟು ದಟ್ಟ. ಗಾಳಿ ದಟ್ಟವಾದಂತೆ ಜೆಟ್‌ನಿಂದ ಪೆಟ್ರೋಲ್ ಎಳೆಯುವ ಬಲವೂ ಹೆಚ್ಚುತ್ತದೆ ನಿಜ, ಆದರೆ ಪೆಟ್ರೋಲ್‌ನ ಹರಿವು ಅದರ ಅರ್ಧದಷ್ಟೇ ಏರುತ್ತದೆ. ಹೀಗೆ ಮಿಶ್ರಣ ಶೇ. 4ರಷ್ಟು ಲೀನ್ ಆಗುತ್ತದೆ. ಇದರ ಮೇಲೆ ಇ20 ಬೇರೆ: ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಪಟ್ಟು ಸಾಕು. ಹಳೆಯ ಕಾಲದ ಜೆಟ್ ಹೊತ್ತ ಬೈಕು ಈ ಪೆಟ್ರೋಲ್‌ನಲ್ಲಿ ತಾನಾಗಿಯೇ ಲೀನ್ ಕಡೆಗೆ ವಾಲುತ್ತದೆ.

ಇಷ್ಟೆಲ್ಲ ಆದರೂ ನಾವು ಮೇನ್ ಜೆಟ್ ಮುಟ್ಟಲಿಲ್ಲ. ಮೇನ್ ಜೆಟ್‌ನ ಅಧಿಕಾರ ನಡೆಯುವುದು ಮುಕ್ಕಾಲು ಥ್ರಾಟಲ್‌ನಿಂದ ಮೇಲೆ. ಕಲ್ಲುಮಣ್ಣಿನ ಏರುಗಳಲ್ಲಿ ಅಷ್ಟು ತೆರೆಯುವ ಸಂದರ್ಭವೇ ಕಡಿಮೆ. ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಅದರ ಗಾಳಿಯನ್ನು ಹೊಂದಿಸುವ ಏರ್ ಸ್ಕ್ರೂ, ಅಲ್ಲಿಂದ ಮುಕ್ಕಾಲಿನವರೆಗೆ ಥ್ರಾಟಲ್ ಜೊತೆ ಮೇಲೇರುವ ಸೂಜಿಯಂಥ ನೀಡಲ್ ಕೆಲಸ ಮಾಡುತ್ತವೆ. ಏರ್ ಸ್ಕ್ರೂ ಪೂರ್ತಿ ಬಿಗಿದು, ಮೆಲ್ಲಗೆ ಬಿಚ್ಚುತ್ತ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿದಾಗ ಅದು ಒಂದೂವರೆ ಸುತ್ತಿನಲ್ಲಿ ಸಿಕ್ಕಿತು. ಒಂದು ಸುತ್ತಿನೊಳಗೇ ಸಿಕ್ಕಿದ್ದರೆ ಪೈಲಟ್ ಜೆಟ್ ದೊಡ್ಡದು ಬೇಕಾಗುತ್ತಿತ್ತು. ಆಮೇಲೆ ನೀಡಲ್‌ನ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿದೆವು. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಅದರ ಸುತ್ತ ಪೆಟ್ರೋಲ್‌ಗೆ ದಾರಿ ಅಗಲವಾಗುತ್ತದೆ. ಅದೇ ಏರಿನಲ್ಲಿ ಒಣ ಸದ್ದು ಮತ್ತೆ ಬರಲಿಲ್ಲ.

ಗೆಳೆಯನ ಸಮಾಧಾನಕ್ಕಾಗಿ, ಜನಸಂಚಾರವಿಲ್ಲದ ನೇರ ದಾರಿಯಲ್ಲಿ ಪೂರ್ತಿ ಥ್ರಾಟಲ್ ಹಿಡಿದು, ಕ್ಲಚ್ ಒತ್ತಿದೊಡನೆ ಇಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿದೆವು. ಪಿಂಗಾಣಿಯ ಬುಡದಲ್ಲಿ ತಿಳಿ ಕಂದು ಬಣ್ಣವಿತ್ತು. ಲೀನ್ ಆಗಿದ್ದರೆ ಅಲ್ಲಿ ಬೆಳ್ಳಗೆ ಕಾಣುತ್ತಿತ್ತು. ಹಾಗಾದರೆ ಇನ್ನಷ್ಟು ಆಯಿಲ್ ಬೆರೆಸಿಬಿಡೋಣವೇ ಎಂದು ಅವನು ಕೇಳಿದ. ಈ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಜೆಟ್‌ನ ಅದೇ ರಂಧ್ರದಲ್ಲಿ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲ್ ಕಡಿಮೆ ಹರಿಯುತ್ತದೆ, ಮಿಶ್ರಣ ಮತ್ತೆ ಲೀನ್ ಆಗುತ್ತದೆ. ಆಯಿಲ್‌ನ ಪ್ರಮಾಣ ಬದಲಿಸುವವರು ಜೆಟ್ಟನ್ನೂ ಹೊಸದಾಗಿ ನೋಡಿಕೊಳ್ಳಬೇಕು.

ತೊಗರಿ ರಾಶಿ ಆರಂಭವಾದರೆ ಬಂಡಿ ದಾರಿಗಳಲ್ಲಿ ಧೂಳು ವಿಪರೀತ. ಅದಕ್ಕೆ ಮೊದಲೇ ಏರ್ ಫಿಲ್ಟರಿನ ಫೋಮ್ ತೊಳೆದು, ಆಯಿಲ್‌ನಲ್ಲಿ ಅದ್ದಿ ಹಿಂಡಿ ಕೂಡಿಸಿದ್ದೇನೆ. ರೇಸ್ ಮತ್ತೆಂದಾದರೂ ಮೇಲೇ ನಿಂತರೆ ಮುಂದೆ ನೋಡಬೇಕಾದದ್ದು ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಎಂದು ಉಸ್ತಾದ್ ಹೇಳಿದ್ದಾರೆ, ಏಕೆಂದರೆ ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ಕ್ಲಿಪ್ಪನ್ನು ಮಾರ್ಚ್ ಬಿಸಿಲಿಗೆ ಮತ್ತೆ ಒಂದು ಗೆರೆ ಮೇಲಕ್ಕೆ ಹಾಕಬೇಕು.