ಡೈಸಲ್ಫಿರಾಂ ಮಾತ್ರೆ ಮತ್ತು ನಮ್ಮ ಮನೆ

ಕುಡಿತ ಬಿಡಲು ನಮ್ಮ ಯಜಮಾನರು ಡೈಸಲ್ಫಿರಾಂ ತಗೊಳ್ತಿದ್ದಾರೆ, ದಿನಕ್ಕೆ 250 ಮಿಲಿಗ್ರಾಂ. ಶುರುವಿನಲ್ಲಿ ಬಾಯಿಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗಿದೆ ಅನ್ನುತ್ತಿದ್ದರು. ತಿಳಿಸಾರೂ ಸೇರುತ್ತಿರಲಿಲ್ಲ. ಹಗಲೆಲ್ಲ ತೂಕಡಿಕೆ. ಡಾಕ್ಟರು ಮಾತ್ರೆಯನ್ನು ರಾತ್ರಿಗೆ ಬದಲಿಸಿದ ಮೇಲೆ ತೂಕಡಿಕೆ ಕಡಿಮೆಯಾಯಿತು.

ಇದರ ಮೇಲೆ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಬಿಪಿ ಕುಸಿದರೆ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಕೆಮ್ಮಿನ ಸಿರಪ್, ಮೌತ್‌ವಾಶ್ ತರುವಾಗ ನಾನು ಲೇಬಲ್ ಓದಿಯೇ ತರುತ್ತೇನೆ. ಅತ್ತೆಯವರ ದ್ರಾಕ್ಷಾರಿಷ್ಟದ ಬಾಟಲಿಯನ್ನೂ ಬೇರೆ ಕಡೆ ಇಟ್ಟೆ, ಅರಿಷ್ಟ ಆಸವಗಳಲ್ಲೂ ಆಲ್ಕೋಹಾಲ್ ಇರುತ್ತದಲ್ವಾ.

"ಗೊತ್ತಾಗದ ಹಾಗೆ ಸಾರಿನಲ್ಲಿ ಕಲಸಿ ಕೊಡಿ" ಎಂದು ಎಷ್ಟೋ ಹೆಂಗಸರಿಗೆ ಸಲಹೆ ಸಿಗುತ್ತದೆ. ನನಗೂ ಸಿಕ್ಕಿತ್ತು. ಅಕ್ಕಂದಿರೇ, ದಯವಿಟ್ಟು ಬೇಡ. ಅವರು ತಿಳಿಯದೆ ಕುಡಿದುಬಿಟ್ಟರೆ ಪ್ರಾಣಕ್ಕೇ ಕುತ್ತು.

ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಬೀಳಬಹುದು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಇವರಿಗೆ ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ ಇದೆ.