ದಿನಾ ಸ್ಟೀರಾಯ್ಡ್ ಮಾತ್ರೆ ತಗೊಳ್ತೀನಿ, ಆಪರೇಷನ್‌ಗೆ ಮುಂಚೆ ನಿಲ್ಲಿಸಬೇಕಾ?

ಅನಸ್ತೇಷಿಯಾ ಚೆಕಪ್‌ಗೆ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಡಾಕ್ಟ್ರೇ, ನಾನು ದಿನಾ ವೈಸೋಲೋನ್ ತಗೊಳ್ತೀನಿ. ನೀವು ಮೈ ಸಡಿಲ ಆಗೋಕೆ ಕೊಡೋ ಇಂಜೆಕ್ಷನ್‌ಗೂ ಅದಕ್ಕೂ ಆಗಿಬರಲ್ವಂತೆ. ನಾಲ್ಕು ದಿನ ಮುಂಚೆ ನಿಲ್ಲಿಸಿಬಿಡಲಾ?"

ನಿಲ್ಲಿಸಬೇಡಿ. ಉಳಿದ ಮಾತೆಲ್ಲ ಆಮೇಲೆ.

ಆಗಿಬರಲ್ಲ ಅನ್ನುವುದರಲ್ಲಿ ಸ್ವಲ್ಪ ನಿಜವಿದೆ. ನಿದ್ದೆ ಬರಿಸಿದ ಮೇಲೆ ಗಂಟಲಲ್ಲಿ ನಳಿಕೆ ಇಳಿಸಬೇಕು, ಹೊಟ್ಟೆಯ ಆಪರೇಷನ್ ಆದರೆ ಹೊಟ್ಟೆ ಬಿಗಿಯಬಾರದು. ಅದಕ್ಕೇ ವೆಕ್ಯುರೋನಿಯಂ, ರೋಕ್ಯುರೋನಿಯಂನಂಥ ಔಷಧ ಕೊಡುತ್ತೇವೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಂದು ಸ್ನಾಯುವಿನ ಮೇಲೆ ತನ್ನ ಜಾಗದಲ್ಲಿ ಕೂತರೆ ಸ್ನಾಯು ಬಿಗಿಯುತ್ತದೆ. ಈ ಔಷಧ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಆ ಜಾಗವನ್ನು ಹಿಡಿದಿಡುತ್ತದೆ. ಸ್ನಾಯುವನ್ನು ತಾನೂ ಬಿಗಿಸಲ್ಲ, ಅಸಿಟೈಲ್‌ಕೋಲಿನ್‌ಗೂ ಕೂರಲು ಬಿಡಲ್ಲ.

ಬಹಳ ಕಾಲ ಪ್ರೆಡ್ನಿಸೊಲೋನ್ (ವೈಸೋಲೋನ್‌ನಲ್ಲಿರುವ ಸ್ಟೀರಾಯ್ಡ್ ಇದೇ) ತಗೊಂಡವರಲ್ಲಿ ಈ ಹಿಡಿತ ಕೆಲವೊಮ್ಮೆ ಬೇಗ ಬಿಟ್ಟುಹೋಗುತ್ತದೆ. ಕರುಳಿನ ಊತಕ್ಕೆ ಈ ಮಾತ್ರೆ ತಗೊಳ್ಳುತ್ತಿದ್ದವರ ಮೇಲೆ ನಡೆದ ಅಧ್ಯಯನಗಳಲ್ಲೂ ಇದು ಕಂಡಿದೆ. ಇನ್ನು ಕೆಲವರಲ್ಲಿ ಉಲ್ಟಾ. ಸ್ಟೀರಾಯ್ಡ್‌ನಿಂದ ಪೊಟ್ಯಾಸಿಯಂ ಇಳಿದಿದ್ದರೆ, ತೊಡೆಯ ಸ್ನಾಯು ಸೊರಗಿದ್ದರೆ, ಔಷಧದ ಪರಿಣಾಮ ಜಾಸ್ತಿ ಹೊತ್ತು ನಿಲ್ಲಬಹುದು. "ಕೆಳಗೆ ಕೂತು, ಕೈ ಊರದೆ ಏಳೋಕಾಗುತ್ತಾ?" ಅಂತ ನಾನು ಕೇಳುವುದು ಸುಮ್ನೆ ಅಲ್ಲ.

ಹಾಗಾದರೆ ಡೋಸ್ ಲೆಕ್ಕ ಹಾಕುವುದು ಹೇಗೆ? ಹೆಬ್ಬೆರಳು ನೋಡಿ. ಮಣಿಕಟ್ಟಿನಲ್ಲಿ ಕಿರುಬೆರಳಿನ ಬದಿಗೆ ಎರಡು ಸ್ಟಿಕ್ಕರ್ ಅಂಟಿಸಿ, ಎರಡು ಸೆಕೆಂಡಿನಲ್ಲಿ ನಾಲ್ಕು ಸಣ್ಣ ಕರೆಂಟ್ ಮಿಡಿತ ಕೊಡುತ್ತೇವೆ. ಔಷಧ ಪೂರ್ತಿ ಹಿಡಿದಾಗ ಹೆಬ್ಬೆರಳು ಅಲುಗುವುದೇ ಇಲ್ಲ. ಇಳಿಯುತ್ತಾ ಬಂದಂತೆ ಒಂದು, ಎರಡು, ಮೂರು, ಕೊನೆಗೆ ನಾಲ್ಕೂ ಅಲುಗಾಟ ಮರಳುತ್ತವೆ. ಬೇಗ ಮರಳಿದರೆ ಇನ್ನೊಂದು ಸಣ್ಣ ಡೋಸ್. ಆಪರೇಷನ್ ಮುಗಿದ ಮೇಲೆ ನಾಲ್ಕನೆಯ ಅಲುಗಾಟ ಮೊದಲನೆಯದರ ಶೇಕಡ 90ರಷ್ಟಾದರೂ ಆಗುವವರೆಗೆ ನಳಿಕೆ ತೆಗೆಯಬಾರದು. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಇದನ್ನು ಕಣ್ಣಂದಾಜಿಗೆ ಬಿಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಟರ್‌ನೆಟ್‌ನಲ್ಲಿ ಓದಿ ಹೆದರಿ ಬರುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಐಸಿಯು ಕಥೆ. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಸ್ಟೀರಾಯ್ಡ್, ಸ್ನಾಯು ಸಡಿಲಿಸುವ ಔಷಧ ಎರಡೂ ಜಾಸ್ತಿ ಪ್ರಮಾಣದಲ್ಲಿ ಹೋದಾಗ ಕೈಕಾಲು ಎತ್ತಲಾಗದಷ್ಟು ನಿಶ್ಶಕ್ತಿ ಬಂದು, ತಿಂಗಳುಗಟ್ಟಲೆ ಉಳಿಯಬಹುದು. ಅಸ್ತಮಾ ರೋಗಿಯೊಬ್ಬರಲ್ಲಿ ಹೀಗಾದದ್ದು 1977ರಲ್ಲೇ ವರದಿಯಾಗಿದೆ. ಒಂದೆರಡು ಗಂಟೆಯ ಆಪರೇಷನ್‌ಗೆ ಅದನ್ನು ಹೋಲಿಸಬೇಡಿ.

ನನಗೆ ನಿಜವಾಗಿ ಭಯ ಇರುವುದು ಮಾತ್ರೆ ನಿಲ್ಲಿಸಿ ಬರುವವರ ಬಗ್ಗೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಅನ್ನುವ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುತ್ತದೆ, ಆಪರೇಷನ್‌ನಂಥ ಪೆಟ್ಟು ಬಿದ್ದಾಗ ಜಾಸ್ತಿ ಸುರಿಸುತ್ತದೆ. ಹೊರಗಿನಿಂದ ಮಾತ್ರೆ ಬರುತ್ತಲೇ ಇದ್ದರೆ ಅದು ಕೆಲಸ ಬಿಟ್ಟು ಸೊರಗುತ್ತದೆ. ಆಗ ಮಾತ್ರೆಯನ್ನೂ ಕಿತ್ತುಕೊಂಡರೆ ಬಿಪಿ ಕುಸಿಯುತ್ತದೆ, ಎಷ್ಟು ಡ್ರಿಪ್ ಹಾಕಿದರೂ ಏರಲ್ಲ. 1952ರಲ್ಲಿ ವೈದ್ಯರ ಕಣ್ಣು ತೆರೆಸಿದ್ದು ಇಂಥದ್ದೇ ಒಂದು ಸಾವು. ಸಂಧಿವಾತಕ್ಕೆ ತಿಂಗಳುಗಟ್ಟಲೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ತಗೊಂಡಿದ್ದ ವ್ಯಕ್ತಿ ಸೊಂಟದ ಕೀಲಿನ ಆಪರೇಷನ್ ನಂತರ ತೀರಿಕೊಂಡರು. ಔಷಧವನ್ನು ಆಪರೇಷನ್‌ಗೆ ಮುಂಚೆ ನಿಲ್ಲಿಸಲಾಗಿತ್ತು.

ಅದಕ್ಕೇ ದಿನಕ್ಕೆ 5 ಮಿಲಿಗ್ರಾಂ ಅಥವಾ ಜಾಸ್ತಿ ಪ್ರೆಡ್ನಿಸೊಲೋನ್ ಅನ್ನು ನಾಲ್ಕು ವಾರಕ್ಕಿಂತ ಹೆಚ್ಚು ತಗೊಂಡಿರುವ ದೊಡ್ಡವರಿಗೆ, ದೊಡ್ಡ ಆಪರೇಷನ್ ಇದ್ದರೆ, ಅನಸ್ತೇಷಿಯಾ ಶುರುವಿನಲ್ಲೇ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಬೆಳಗಿನ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿಯೇ ಬನ್ನಿ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಮಾತ್ರೆ ಬಿಟ್ಟು ಕೆಲವು ತಿಂಗಳಾಗಿದ್ದರೂ ತಿಳಿಸಿ. ಗ್ರಂಥಿ ಚೇತರಿಸಿಕೊಳ್ಳಲು ಅಷ್ಟು ಕಾಲ ಬೇಕಾಗುತ್ತದೆ.

ಇನ್ನೊಂದು ವಿಷಯ. ಮಂಡಿನೋವಿಗೆ, ದಮ್ಮಿಗೆ ಅಂತ ಅಲ್ಲಲ್ಲಿ ಕೊಡುವ ಹೆಸರಿಲ್ಲದ ಮಾತ್ರೆ, ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದುಂಟು. ತಗೊಳ್ಳುವವರಿಗೇ ಅದು ಗೊತ್ತಿರಲ್ಲ. ಮುಖ ದುಂಡಗೆ ಉಬ್ಬಿದ್ದರೆ, ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ಕಪ್ಪುಗಟ್ಟುತ್ತಿದ್ದರೆ ನಾವು ಕೆದಕಿ ಕೆದಕಿ ಕೇಳುತ್ತೇವೆ. ಡಾಕ್ಟ್ರು ಬೈತಾರೆ ಅಂತ ಮುಚ್ಚಿಡಬೇಡಿ. ಚೀಟಿ ಇಲ್ಲದಿದ್ದರೆ ಆ ಪೊಟ್ಟಣವನ್ನೇ ಚೆಕಪ್‌ಗೆ ತನ್ನಿ.